ಡಬ್ಬಿಯ ಕಿವಿಯ ಹನಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದ ಮಾಲತೇಶಪ್ಪನಿಗೆ ಒಂದು ಹೆಮ್ಮೆ: ತನ್ನ ಕೈಯಲ್ಲಿ ತೂಕ ತಪ್ಪಿದ್ದೇ ಇಲ್ಲ. ಒಂದು ಹೆದರಿಕೆ: ಸೂಜಿ. ಅಂಥವನಿಗೆ ದೇವರು ಸಕ್ಕರೆ ಕಾಯಿಲೆ ಕೊಟ್ಟ. ಸಾಲದ್ದಕ್ಕೆ ಅವನ ದುಂಡು ಬೆಕ್ಕು ಡಬ್ಬಿಗೂ ಕೊಟ್ಟ.

ರಾಣೇಬೆನ್ನೂರಿನ ಪಶುವೈದ್ಯ ಜಾಕೀರ್ ಡಾಕ್ಟರು ಡಬ್ಬಿಗೆ ಕೊಟ್ಟ ಮೊದಲ ಇನ್ಸುಲಿನ್‌ಗೆ ಸಕ್ಕರೆ ಜಗ್ಗಲಿಲ್ಲ. ಬೇರೆಯದು ಬರೆದರು.

"ಇದು ಗಟ್ಟಿ ಔಷಧರಿ. ಕಿತ್ತಳಿ ಮುಚ್ಚಳದ ಸಿರಿಂಜಿನ್ಯಾಗ ಮಾತ್ರ ಹಾಕ್ರಿ. ಹಳೇ ಕೆಂಪು ಮುಚ್ಚಳದ್ದು ಒಗದು ಬಿಡ್ರಿ."

ಎಸೆಯಲು ಮನಸ್ಸಾಗದೆ ಕೆಂಪಿನವನ್ನು ಮಾಲತೇಶಪ್ಪ ಕಪಾಟಿನಲ್ಲಿಟ್ಟ. ಹೊಸ ಔಷಧ ಹಿಡಿಯಿತು. ಡಬ್ಬಿಯ ಸಕ್ಕರೆ ದಿನಾ ನೂರಾ ಹದಿನೈದು, ನೂರಾ ಇಪ್ಪತ್ತು. ಅವನದು ಮುನ್ನೂರರ ಹತ್ತಿರ.

ಅದೇ ವಾರ ಹಾವೇರಿಯ ಡಾಕ್ಟರಮ್ಮ ಅವನಿಗೆ, "ಹದಿನೈದು ದಿನ ಶುಗರ್ ನೋಡಿ ಬರಕೊಂಡ ಬರ್ರಿ. ಇಳೀಲಿಲ್ಲಂದ್ರ ನಿಮಗ ಇನ್ಸುಲಿನ್ ಚುಚ್ಚೋದ," ಎಂದಿದ್ದರು. ಮಾಲತೇಶಪ್ಪ ಉಪಾಯ ಹೂಡಿದ. ದಿನಾ ಹಿತ್ತಲಿಗೆ ಹೋಗಿ ಡಬ್ಬಿಯ ಕಿವಿ ಚುಚ್ಚಿ, ಶುಗರ್ ಮೀಟರು ತೋರಿಸಿದ ಆ ಹನಿಯ ಲೆಕ್ಕವನ್ನೇ ತನ್ನದೆಂದು ಹೆಂಡತಿ ನೀಲಗಂಗವ್ವನಿಗೆ ತೋರಿಸತೊಡಗಿದ. ಗಂಡ ಪಥ್ಯದಿಂದ ಗುಣವಾದನೆಂದು ಆಕೆ ಓಣಿಗೆಲ್ಲ ಹೇಳಿಕೊಂಡು ಬಂದಳು.

ಹದಿನಾಲ್ಕನೆಯ ದಿನ ಕಿತ್ತಳೆ ಸಿರಿಂಜು ತೀರಿದ್ದವು. ಕಪಾಟಿನಿಂದ ಕೆಂಪಿನದೊಂದು ತೆಗೆದು, ಹೊಸ ಔಷಧವನ್ನೇ ಎಂದಿನಂತೆ ಎರಡರ ಗೆರೆಗೆ ಎಳೆದು ಡಬ್ಬಿಗೆ ಕೊಟ್ಟ. ಒಂದೆರಡು ತಾಸು ಬಿಟ್ಟು ಅದರ ಕಿವಿ ಚುಚ್ಚಿದ. ಡಬ್ಬಿಯ ಮೇಲೆ ಎಷ್ಟು ನಂಬಿಕೆಯೆಂದರೆ, ಮೀಟರನ್ನು ತಾನು ನೋಡದೆಯೇ ಹೆಂಡತಿಯ ಕೈಗಿತ್ತ.

"ಅಯ್ಯ ಶಿವನ! ನಲವತ್ತೊಂದಕ್ಕ ಇಳದೈತಿ!"

ನೀಲಗಂಗವ್ವ ಅವನನ್ನು ಕುರ್ಚಿಗೆ ಕೆಡವಿ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದಳು. ಸಕ್ಕರೆ ನಾಲಗೆಗೆ ತಾಗಿ ಎರಡು ವರ್ಷವಾಗಿತ್ತು. ಮಾಲತೇಶಪ್ಪ ಕಣ್ಣು ಮುಚ್ಚಿ ಸವಿದ.

"ಕಣ್ಣ ಮುಚ್ಚಬ್ಯಾಡ್ರೀ!" ಎಂದು ಆಕೆ ಇನ್ನೊಂದು ಹಿಡಿ ತುರುಕಿದಳು.

ಕಣ್ಣು ಬಿಟ್ಟರೆ ಹಿತ್ತಲ ಬಾಗಿಲಲ್ಲಿ ಡಬ್ಬಿ. ಕುಡಿದವರ ಹಾಗೆ ತೂರಾಡುತ್ತಿತ್ತು. ಬಾಯೊಳಗಿನ ಸಕ್ಕರೆ ಮಣ್ಣಾಯಿತು. ಸುಮ್ಮನಿದ್ದರೆ ನಾಳೆಗೆ ಹದಿನೈದು ದಿನ ಮುಗಿದು ಸೂಜಿ ತಪ್ಪುತ್ತದೆ. ಅಷ್ಟರಲ್ಲಿ ಡಬ್ಬಿ ಮಗ್ಗುಲಿಗೆ ಉರುಳಿತು.

"ಆ ರಕ್ತ ನಂದಲ್ಲ! ಅದರದು! ಅದಕ್ಕ ಸಕ್ಕರಿ ಕೊಡ, ಲಗೂ!" ಎಂದು ಬಾಯಲ್ಲಿದ್ದ ಸಕ್ಕರೆಯನ್ನೆಲ್ಲ ಹಾರಿಸುತ್ತ ಕೂಗಿದ.

ನೀಲಗಂಗವ್ವ ಒಮ್ಮೆ ಅವನನ್ನು ನೋಡಿದಳು. ಹದಿನಾಲ್ಕು ದಿನದ ಸುಳ್ಳೆಲ್ಲ ಆ ನೋಟದಲ್ಲೇ ಬಯಲಾಯಿತು. ತಕ್ಷಣ ಸಕ್ಕರೆ ನೀರು ಕಲಸಿ ಡಬ್ಬಿಯ ಒಸಡಿಗೆ ಹಚ್ಚತೊಡಗಿದಳು. ಮಾಲತೇಶಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಗಳಗಳ ಅತ್ತ. ಅಳುತ್ತಲೇ ಜಾಕೀರ್ ಡಾಕ್ಟರಿಗೆ ಫೋನು ಹಚ್ಚಿದ.

"ಯಾವ ಮುಚ್ಚಳದ್ದರೀ ಹಾಕಿದ್ದು?"

"ಕೆಂಪು."

"ಕೆಂಪಿನ ಗೆರಿ ಹಳೇ ತೆಳು ಔಷಧದ ಲೆಕ್ಕದ್ದರಿ. ಎರಡಲ್ಲ, ಐದು ಹೋಗೇತಿ ಒಳಗ! ಮಾಲು ಬದಲಾತು, ತಕ್ಕಡಿ ಬದಲಾಗಲಿಲ್ಲ ನಿಮ್ಮದು. ಸಕ್ಕರಿ ನೀರು ಹಚ್ಚಿಕೋತನ ಕರಕೊಂಡ ಬರ್ರಿ!"

ಮೂವತ್ತು ವರ್ಷದ ಹೆಮ್ಮೆ ಫೋನಿನಲ್ಲೇ ನೀರಾಯಿತು. ಸಂಜೆ ಡಬ್ಬಿ ಡಾಕ್ಟರ ಕೈ ಪರಚಿ, ಗುಣವಾಗಿ ಮನೆಗೆ ಬಂತು. ಮರುದಿನ ನೀಲಗಂಗವ್ವ ಗಂಡನನ್ನು ಹಾವೇರಿಗೆ ಎಳೆದೊಯ್ದಳು.

ಈಗ ದಿನಾ ಮುಂಜಾನೆ ಅಡುಗೆಮನೆಯಲ್ಲಿ ಇಬ್ಬರದೂ ಪಾಳಿ. ಡಬ್ಬಿ ಮೊದಲು, ಬಟ್ಟಲಿನಿಂದ ಬಾಯಿ ಎತ್ತದೆ ಚುಚ್ಚಿಸಿಕೊಳ್ಳುತ್ತದೆ. ಆಮೇಲೆ ಮಾಲತೇಶಪ್ಪ ಅಂಗಿ ಎತ್ತಿ, ಸೂಜಿ ತಾಗುವ ಮೊದಲೇ ಚೀರುತ್ತಾನೆ.

"ತಡಿ, ತಡಿ! ಮುಚ್ಚಳ ಯಾವ ಬಣ್ಣದ್ದು?"

"ಸುಮ್ನ ಕುಂದ್ರಿ," ಎನ್ನುತ್ತಾಳೆ ನೀಲಗಂಗವ್ವ. "ಇನ್ನ ತಕ್ಕಡಿ ನನ್ನ ಕೈಯಾಗ ಐತಿ."