ಹರಿದ ಅಂಚು

ಅಮ್ಮನ ಜಡೆ ಹೆಣೆಯುವುದು ಈಗ ಗುಬ್ಬಿಯ ಕೆಲಸ. ಮೂರು ವಾರದ ಹಿಂದಿನವರೆಗೂ ಅಮ್ಮನೇ ಇವಳ ತಲೆ ಬಾಚುತ್ತಿದ್ದಳು; ಸಿಕ್ಕು ಬಿಡದಿದ್ದರೆ ಒಂದು ಮೊಟಕುತ್ತಿದ್ದಳು. ಆಮೇಲೆ ಕಾರ್ಖಾನೆಯಲ್ಲಿ ಡಬ್ಬಿಯ ಮುಚ್ಚಳ ಒತ್ತುವ ಯಂತ್ರ ಅಮ್ಮನ ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಹೆಬ್ಬೆಟ್ಟೊಂದನ್ನು ಬಿಟ್ಟಿತು.

ಕೆಲಸಕ್ಕೆ ಹೋಗುವಾಗ ಅಮ್ಮ ಕಟ್ಟಿಕೊಳ್ಳುತ್ತಿದ್ದ ನೀಲಿ ತಲೆವಸ್ತ್ರವನ್ನು ಗುಬ್ಬಿ ಬಿಡಿಸಿದಳು. ಒಂದು ಅಂಚು ಉದ್ದಕ್ಕೂ ಹರಿದಿತ್ತು.

"ಇಲಿ ಕಡೀತಾ?"

"ನಾನೇ ಹರಿದಿದ್ದು. ಗುಂಡಿ ಕಟ್ಟೋಕೆ."

ಯಂತ್ರಕ್ಕೆ ಎರಡು ಗುಂಡಿ. ಎರಡೂ ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಆಗ ಕೈ ಒಳಗೆ ಸಿಕ್ಕುವುದಿಲ್ಲ. ಆದರೆ ಅದು ನಿಧಾನ. ಒಂದು ಗುಂಡಿಯನ್ನು ಒತ್ತಿಟ್ಟು ಬಟ್ಟೆಯಿಂದ ಬಿಗಿದರೆ ಒಂದು ಕೈ ತಗಡು ಇಡುತ್ತದೆ, ಇನ್ನೊಂದು ಒತ್ತುತ್ತದೆ.

"ಯಾರು ಕಟ್ಟು ಅಂದಿದ್ದು?"

"ಮೇಸ್ತ್ರಿ. ಇನ್ಯಾರು? ಎಲ್ಲರೂ ಕಟ್ತೀವಿ."

ಆ ಮೇಸ್ತ್ರಿಯೇ ಸಂಜೆ ಹೊಸ್ತಿಲು ದಾಟಿ ಬಂದ. ಕೈಯಲ್ಲಿ ಕಾಗದ, ಶಾಯಿಡಬ್ಬಿ.

"ಒಂದು ಹೆಬ್ಬೆಟ್ಟು ಒತ್ತಿಬಿಡಮ್ಮ. ನಿನ್ನ ಜಾಗದಲ್ಲಿ ಮಗಳನ್ನ ಕೂರಿಸ್ತೀನಿ. ಕಾರ್ಖಾನೆ ಕೊಟ್ಟ ಮನೆ, ಅದೂ ಉಳಿಯುತ್ತೆ." ಗುಬ್ಬಿಯ ಕಡೆ ತಿರುಗಿದ. "ವಯಸ್ಸು ಕೇಳಿದ್ರೆ ಹದಿನೆಂಟು ಅನ್ನು."

"ಹದಿನೈದು."

"ಬಾಯಿಗೆ ಮಾತ್ರ ಮೂವತ್ತಾಗಿದೆ."

ಗುಬ್ಬಿ ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. "'ಗುಂಡಿಯನ್ನು ನನ್ನ ಸ್ವಂತ ಬಟ್ಟೆಯಿಂದ ನಾನೇ ಕಟ್ಟಿಕೊಂಡಿದ್ದೆ. ಅಪಘಾತಕ್ಕೆ ನಾನೇ ಹೊಣೆ. ಪರಿಹಾರ ಕೇಳುವುದಿಲ್ಲ.'"

"ಬಟ್ಟೆ ಯಾರದು? ಕಟ್ಟಿದ್ದು ಯಾರು? ಸುಳ್ಳೆಲ್ಲಿದೆ ತೋರಿಸು ನೋಡೋಣ," ಎಂದ ಮೇಸ್ತ್ರಿ.

ಗುಬ್ಬಿ ಮತ್ತೆ ಓದಿದಳು. ಬಟ್ಟೆ ಅಮ್ಮನದು. ಕಟ್ಟಿದ್ದೂ ಅಮ್ಮ.

"ಎರಡು ಪದ ಬಿಟ್ಟುಹೋಗಿದೆ," ಎಂದಳು. ಶಾಲೆಯ ಚೀಲದಿಂದ ಪೆನ್ನು ತೆಗೆದು, ಮೊದಲ 'ನಾನೇ' ಅನ್ನುವುದರ ಹಿಂದೆ ಗುಂಡಗೆ ಬರೆದಳು: ಮೇಸ್ತ್ರಿ ಹೇಳಿದಂತೆ.

"ಈಗ ಒತ್ತಮ್ಮ," ಎಂದು ಕಾಗದ ಚಾಚಿದಳು.

ಅಮ್ಮ ಕೈ ಹಿಂದೆಳೆದಳು. "ಮನೆ ಹೋಗುತ್ತೆ ಕಣೇ. ಹಾಗೇ ಒತ್ತಿಬಿಡ್ತೀನಿ, ಅಳಿಸು."

"ಸರಿ, ಹಾಗೇ ಒತ್ತು. ನಾಳೆಯಿಂದ ಅಲ್ಲಿ ನಾನು ಕೂರ್ತೀನಿ. ಗುಂಡಿ ಕಟ್ಟೋಕೆ ನನಗೆ ಯಾವ ಬಟ್ಟೆ ಕೊಡ್ತೀಯ?"

ಅಮ್ಮ ಮಗಳ ಬೆರಳುಗಳನ್ನು ನೋಡಿದಳು. ಬಲಗೈ ಎತ್ತಿದಳು. ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಗುಬ್ಬಿ ಬರೆದ ಪದಗಳ ಪಕ್ಕದಲ್ಲೇ ಒತ್ತಿದಳು.

ಮೇಸ್ತ್ರಿ ಕಾಗದವನ್ನು ನಾಲ್ಕು ಚೂರು ಮಾಡಿದ. "ಸೋಮವಾರ ಮನೆ ಖಾಲಿ."

ಸೋಮವಾರ ಬೆಳಿಗ್ಗೆ ಪಾತ್ರೆ, ಚಾಪೆ, ಶಾಲೆಯ ಚೀಲ ಬೀದಿಯಲ್ಲಿದ್ದವು. ಕೆಲಸಕ್ಕೆ ಹೊರಟ ಹೆಂಗಸರು ನೆಲ ನೋಡುತ್ತ ಸರಿದು ಹೋಗುತ್ತಿದ್ದರು. ಗುಬ್ಬಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಮ್ಮನನ್ನು ಕೂರಿಸಿ ತಲೆವಸ್ತ್ರ ಕಟ್ಟಿದಳು.

"ಹರಿದಿದ್ದನ್ನ ಒಳಗೆ ಮಡಚೇ. ಎಲ್ಲರಿಗೂ ಕಾಣುತ್ತೆ."

"ಕಾಣಲಿ. ಏಳು, ಕಾರ್ಖಾನೆ ಗೇಟಿಗೆ ಹೋಗಿ ನಿಲ್ಲೋಣ."

ಎದುರುಮನೆ ಅತ್ತೆ ನಿಂತಳು. ಅಮ್ಮನ ಪಕ್ಕದ ಯಂತ್ರ ಅವಳದು. ಆ ಹರಿದ ಅಂಚನ್ನು ನೋಡಿದಳು. ಗೇಟಿನ ಕಡೆ ನೋಡಿದಳು. ಆಮೇಲೆ ತನ್ನ ಹಳದಿ ವಸ್ತ್ರ ಬಿಚ್ಚಿದಳು. ಅದು ಅಮ್ಮನದಕ್ಕಿಂತ ಹೆಚ್ಚು ಹರಿದಿತ್ತು.

"ನಂದೂ ಕಾಣೋ ಹಾಗೇ ಕಟ್ಟು, ಗುಬ್ಬಿ. ಬಿಗಿಯಾಗಿ," ಎಂದು ತಲೆ ಬಗ್ಗಿಸಿದಳು.