ಗೌಸಸಾಬನ ಹೆಬ್ಬೆರಳು

ಫೋನು ಟಿಂಗ್ ಎಂದಿತು. ವಿರುಪಾಕ್ಷಪ್ಪನ ಚಹಾದಂಗಡಿಯಲ್ಲಿ ಕೂತಿದ್ದ ಹನ್ನೊಂದು ಮಂದಿಯ ಕಪ್ಪುಗಳು ತುಟಿಯ ಹತ್ತಿರವೇ ನಿಂತವು. ಗೌಸಸಾಬ ಪರದೆ ನೋಡಲಿಲ್ಲ. ಮುಖವನ್ನು ಹೆದ್ದಾರಿಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮಾತ್ರ ಗಾಜಿನ ಮೇಲೆ ಇಳಿಸಿದ.

“ಛಾಟ!” ಎಂದ.

ಎದ್ದ ನಗೆಗೆ ಪುಣೆ ಕಡೆಯಿಂದ ಬರುತ್ತಿದ್ದ ನಾಲ್ಕು ಲಾರಿಗಳು ಬ್ರೇಕು ಹಾಕಿದವು.

“ಏನ ಕೇಳಿದ್ಳೋ ಸಾಬಾ, ಮಗಳು?” ವಿರುಪಾಕ್ಷಪ್ಪ ಕೇಳಿದ.

“ಏನರ ಕೇಳಲಿ. ಓದಿ ಛಾಟ ಮಾಡಾಂವ ಚೆಕರ ಅಲ್ಲಲೇ, ಅಂವ ಕಾರಕೂನ.”

ಆ ಹೆಬ್ಬೆರಳು ಸಾಮಾನ್ಯದ್ದಲ್ಲ. ಇಪ್ಪತ್ತೆರಡು ವರ್ಷದಿಂದ ನಿಪ್ಪಾಣಿಯ ಒಂದು ಬೀಡಿ ಶಾಖೆಯಲ್ಲಿ ಗೌಸಸಾಬ ಚೆಕರ. ಹೆಂಗಸರು ಮನೆಯಲ್ಲಿ ಕಟ್ಟಿ ತಂದ ಬೀಡಿಗಳ ಮೇಲೆ ಹೆಬ್ಬೆರಳು ಸವರುತ್ತಾನೆ. ಸಡಿಲ ಇದ್ದರೆ, ಎಲೆ ಹರಿದಿದ್ದರೆ, ಅಥವಾ ಅಂದು ಮನಸ್ಸಿಗೆ ಬಂದರೆ, ಛಾಟ, ಅಂದರೆ ನಪಾಸು, ಎಂದು ಮೂಲೆಯ ಬುಟ್ಟಿಗೆ ಎಸೆಯುತ್ತಾನೆ. ಅವನು ಎಸೆದ ಬೀಡಿಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನನ್ನು ಮುಟ್ಟಿ, ಬರುವ ದಾರಿಯಲ್ಲಿ ಮಂಗಸೂಳಿಗೂ ಹೋಗಿ ಬರಬಹುದು. ಅವನ ಮುಂದೆ ಅತ್ತವರ ಕಣ್ಣೀರಿಗೆ ವೇದಗಂಗೆ ಎರಡು ಬೇಸಿಗೆ ತುಂಬಿ ಹರಿದಿದೆ. ಸುಳ್ಳಾದರೆ ಹೊಳೆಯನ್ನೇ ಕೇಳಿ.

ಇಂಥ ಹೆಬ್ಬೆರಳಿಗೆ ಮನೆಯಲ್ಲೂ ಕೆಲಸ ಸಿಕ್ಕಿದ್ದು ಹದಿನೈದು ದಿನದ ಹಿಂದೆ. ಹೆಣ್ಣುಮಕ್ಕಳು ಫೋನಿನಿಂದ ಕೆಡುತ್ತಾರೆಂದು ಯಾರೋ ಕಳಿಸಿದ ವಿಡಿಯೋವನ್ನು ತನ್ನ ಫೋನಿನಲ್ಲಿ ರಾತ್ರಿಯೆಲ್ಲ ನೋಡಿ, ಬೆಳಿಗ್ಗೆ ಮಗಳು ಫರಹತಳ ಫೋನನ್ನು ಸುಧೀರನ ಮೊಬೈಲ್ ಅಂಗಡಿಗೆ ಒಯ್ದ. ಮನೆಯ ವೈಫೈಗೂ ಫೋನಿಗೂ ಒಂದೇ ಕೀಲಿ ಬೀಳಬೇಕು, ಬೇಡವಾದ ಪುಟ ತೆರೆಯಹೋದರೆ ತನ್ನ ಫೋನಿಗೆ ಅರ್ಜಿ ಬರಬೇಕು ಎಂದ. ಸುಧೀರ ಒಂದೊಂದಾಗಿ ಕೇಳಿದ.

“ಜೂಜು?”

“ಹಾಕು ಕೀಲಿ.”

“ಸೆರೆ-ಸಾರಾಯಿ?”

“ಹಾಕು.”

“ತಂಬಾಕು?” ಸುಧೀರನ ಬೆರಳು ನಿಂತಿತು. “ಮಾಮಾ, ನಿಪ್ಪಾಣ್ಯಾಗ ಇದ್ದು ಬೀಡಿ-ತಂಬಾಕಿಗಿ ಕೀಲಿ ಹಾಕಸ್ತೀರಿ?”

“ಹಾಕಲೇ. ನನ್ನ ಮಗಳಿಗೆ ತಂಬಾಕಿಂದ ಏನ ಕೆಲಸ?”

ಹೀಗೆ ಹೇಳುವಾಗ ಅವನ ಅಂಗಿಯಿಂದ ಹೊಮ್ಮಿದ ತಂಬಾಕಿನ ಘಾಟಿಗೆ ಸುಧೀರ ಒಂಬತ್ತು ಸಲ ಸೀನಿದ. ಹತ್ತನೆಯದು ಇನ್ನೂ ಮೂಗಿನಲ್ಲೇ ಇದೆ.

ಫರಹತಳಿಗೆ ಬೆಳಗಾವಿಯ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. “ಹಾಸ್ಟೆಲ್ ಸಿಕ್ಕರ ಹೋಗು. ಇಲ್ಲಾಂದ್ರ ಅಮ್ಮಿ ಮಗ್ಗಲದಾಗ ಕುಂತು ಬೀಡಿ ಕಟ್ಟು,” ಎಂದು ಅಪ್ಪ ಮೊದಲೇ ಹೇಳಿದ್ದ. ಅಮ್ಮಿ ಮೆಹರುಬಿಯ ಹತ್ತಿರ ಬೀಡಿ ಕಾರ್ಮಿಕರ ಕಾರ್ಡಿತ್ತು. ಅಂಥವರ ಹೆಣ್ಣುಮಕ್ಕಳಿಗೆಂದೇ ಬೆಳಗಾವಿಯಲ್ಲಿ ಒಂದು ಟ್ರಸ್ಟಿನ ವಸತಿಗೃಹವೂ ಇತ್ತು. ಫಾರ್ಮನ್ನು ಫೋನಿನಲ್ಲೇ ತುಂಬಬೇಕು, ಶುಕ್ರವಾರ ಸಂಜೆ ಐದರೊಳಗೆ. ಆದರೆ ಪುಟದ ನೆತ್ತಿಯ ಮೇಲೆಯೇ ಬೀಡಿ ಎಂದು ಬರೆದಿತ್ತು. ಕೀಲಿ ಬಿತ್ತು.

ಗುರುವಾರ ಸಂಜೆ, ಚಹಾದಂಗಡಿಯ ನಗೆಯಿಂದ ನಾಲ್ಕು ಲಾರಿ ನಿಲ್ಲಿಸಿ ಬಂದ ಅಪ್ಪನಿಗೆ ಅವಳು ಹೇಳಿದಳು. “ಅಬ್ಬಾ, ಅದು ಹಾಸ್ಟೆಲ್ ಫಾರ್ಮ್ ರೀ. ನಿಮಗ ಅರ್ಜಿ ಬರತೈತಿ, ಒಮ್ಮೆ ಹೂಂ ಅನ್ರಿ. ಇಲ್ಲಾಂದ್ರ ಸುಧೀರಣ್ಣನ ಅಂಗಡ್ಯಾಗ ತುಂಬತೀನಿ.”

“ಗಂಡಸರು ಕುಂದರೋ ಅಂಗಡಿಗೆ ಹೊಂಟೀ? ಹೊಚ್ಚಲ ದಾಟಿದ್ರ ಕಾಲ ಮುರೀತೀನಿ ಬೇ. ನಾಳೆ ಮನ್ಯಾಗ ಕುಂತು ಕಳಸು. ಹೂಂ ಅಂತೀನಿ.”

ಮರುದಿನ ಹೂಂ ಎನ್ನಲೆಂದೇ ಅವನು ಚಹಾದಂಗಡಿಗೆ ಬಂದಿದ್ದ. ನನ್ನ ಮಾತಿನಲ್ಲಿ ಇದೊಂದಕ್ಕೆ ಉಪ್ಪು-ಖಾರ ಹಚ್ಚಿಲ್ಲ.

ನಾಲ್ಕಕ್ಕೆ ಟಿಂಗ್ ಎಂದಿತು. ಗೌಸಸಾಬ ಪರದೆಯನ್ನು ಕಣ್ಣಿನ ಹತ್ತಿರ ತಂದ. ಬೀಡಿ ಕಾರ್ಮಿಕರ ಹೆಣ್ಣುಮಕ್ಕಳ ವಸತಿಗೃಹ ಎಂದಿತ್ತು. ಕೆಳಗೆ ಹೂಂಗೊಂದು, ಉಹೂಂಗೊಂದು, ಎರಡು ಗುಂಡಿ.

“ಏ, ಸಾಬ ಓದಾಕತ್ತಾನೋ!” ಯಾರೋ ಕೂಗಿದರು.

“ಹೋತಪಾ ಹೆಬ್ಬಟ್ಟು! ಚೆಕರ ಕಾರಕೂನ ಆದ! ಕಾರಕೂನಗ ಅರ್ಧಾ ಕಪ್ಪ ಸಾಕ,” ಎಂದು ವಿರುಪಾಕ್ಷಪ್ಪ ಅವನ ಚಹಾವನ್ನೇ ಹಿಂದಕ್ಕೆಳೆದ.

ಹನ್ನೊಂದು ಮಂದಿ ನಕ್ಕರು. ಗೌಸಸಾಬನ ಕಿವಿ ಕೆಂಪಗಾಯಿತು. ಮುಖ ಹೆದ್ದಾರಿಯ ಕಡೆ ತಿರುಗಿತು, ಹೆಬ್ಬೆರಳು ಇಳಿಯಿತು. “ಛಾಟ!”

ಮತ್ತೆ ಟಿಂಗ್. ಈಗ ಎಲ್ಲರೂ ಸೇರಿ ಕೂಗಿದರು, “ಛಾಟ!” ಮತ್ತೆ ಟಿಂಗ್. ಮತ್ತೆ ಛಾಟ. ನಾಲ್ಕು ಐವತ್ತೆಂಟಕ್ಕೆ ಏಳನೆಯದು ಬಂತು. ಆಮೇಲೆ ಫೋನು ಸುಮ್ಮನಾಯಿತು. ಗೌಸಸಾಬ ಇನ್ನೊಂದು ಚಹಾ ಹೇಳಿದ.

ಮನೆಗೆ ಬಂದವನೇ ಮಗಳ ಮುಂದೆ ಗುಂಡಿ ಒತ್ತಿದ. “ತಗೋ, ಬಿಟ್ಟೀನಿ. ತುಂಬು.”

ಫರಹತ ಫೋನನ್ನು ಅವನ ಕಡೆ ಹಿಡಿದಳು. ಪುಟ ತೆರೆದಿತ್ತು. ಅವಧಿ ಮುಗಿದಿದೆ ಎಂದಿತ್ತು.

“ಏಳ ಸಲ ಕೇಳ್ಯಾಳ್ರೀ,” ಎಂದಳು ಮೆಹರುಬಿ, ಬೀಡಿ ಸುತ್ತುವ ಕೈ ನಿಲ್ಲಿಸದೆ.

ಗೌಸಸಾಬ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ. “ಎಂಟನೇ ಸಲ ಕೇಳಬೇಕಿತ್ತು.”

ಮೆಹರುಬಿ ಅಟ್ಟದಿಂದ ಹಳೆಯ ಮೊರವೊಂದನ್ನು ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಎಲೆ, ಕತ್ತರಿ, ದಾರದ ಉಂಡೆ ಇಟ್ಟು ಮಗಳ ತೊಡೆಯ ಮೇಲಿಟ್ಟಳು.

ಮುಂದಿನ ವಾರವೆಲ್ಲ ಚಹಾದಂಗಡಿಯಲ್ಲಿ ಫೋನನ್ನು ನಡುಮೇಜಿನ ಮೇಲೆ ಇಟ್ಟುಕೊಂಡು ಹನ್ನೊಂದು ಮಂದಿ ಕಾದರು. ಅದು ಟಿಂಗ್ ಎನ್ನಲೇ ಇಲ್ಲ. ಒಬ್ಬೊಬ್ಬರಾಗಿ ಬೇರೆ ಬೆಂಚಿಗೆ ಹೋದರು.

ಮತ್ತೊಂದು ಶುಕ್ರವಾರ. ಶಾಖೆಯಲ್ಲಿ ಹೆಂಗಸರ ಸಾಲು ಬಾಗಿಲಾಚೆಗೂ ಇತ್ತು. ನನ್ನ ಲೆಕ್ಕಕ್ಕೆ ಚಿಕ್ಕೋಡಿಯವರೆಗೂ. ಗೌಸಸಾಬ ತಲೆ ಎತ್ತದೆ ಕೆಲಸ ನಡೆಸಿದ್ದ. ಒಂದು ಕಟ್ಟು ಬಂತು. ಹೆಬ್ಬೆರಳು ಸವರಿದ. ಹೊಸ ಕೈಯ ಬೀಡಿ, ಸಡಿಲ.

“ಛಾಟ.” ಕಟ್ಟು ಬುಟ್ಟಿಗೆ ಹಾರಿತು.

ಬೈಗುಳ ಬರಬೇಕಿತ್ತು, ಇಲ್ಲವೇ ಅಳು. ಏನೂ ಬರಲಿಲ್ಲ. ಅವನು ತಲೆ ಎತ್ತಿದ.

ಫರಹತ ಬುಟ್ಟಿಯ ಕಡೆ ನೋಡಲಿಲ್ಲ. ಎರಡನೆಯ ಕಟ್ಟನ್ನು ಅವನ ಹೆಬ್ಬೆರಳಿನ ಕೆಳಗೆ ಸರಿಸಿದಳು.