ಬಿತ್ತನೆ ಕೋಠಿಯ ಒಕ್ಕಣ್ಣ

ನಾನೊಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ದೂರದ ಅಂಬಾಲದ ಒಂದು ಕಾರ್ಖಾನೆಯಲ್ಲಿ. ಹಿತ್ತಾಳೆಯ ಕೊಳವೆ, ಕಬ್ಬಿಣದ ಪಾದ, ಅಕ್ಕಪಕ್ಕ ತಿರುಪುಗಳು, ನೆತ್ತಿಯ ಮೇಲೆ ಒಂದೇ ಕಣ್ಣು. ಗಾಜು ಉಜ್ಜಿದ ಮುದುಕ ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು ತೃಪ್ತಿಯಿಂದ ತಲೆಯಾಡಿಸಿದ. ಆಮೇಲೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ರೈಲು ಹತ್ತಿಸಿದರು. ದೊಡ್ಡ ಕಾಲೇಜೊಂದಕ್ಕೆ ಹೋಗುತ್ತೇನೆ, ಪ್ರೊಫೆಸರುಗಳು ನನ್ನ ಮುಂದೆ ಬಗ್ಗಿ ನಿಲ್ಲುತ್ತಾರೆ ಎಂದು ದಾರಿಯುದ್ದಕ್ಕೂ ಬೀಗಿದ್ದೇ ಬಂತು. ಪೆಟ್ಟಿಗೆ ತೆರೆದಾಗ ನೋಡಿದರೆ ಅದು ಚೌಡನಪುರದ ರೇಷ್ಮೆ ಇಲಾಖೆಯ ಬಿತ್ತನೆ ಕೋಠಿ, ರೈತರಿಗೆ ಹುಳದ ಮೊಟ್ಟೆ ಮಾಡಿಕೊಡುವ ಜಾಗ. ಎಲ್ಲಿ ನೋಡಿದರೂ ಬಿದಿರಿನ ತಟ್ಟೆಗಳು, ಅವುಗಳ ತುಂಬ ರೆಕ್ಕೆ ಬಡಿಯುವ ಬಿಳಿ ಚಿಟ್ಟೆಗಳು. ಅಲ್ಲಿನ ವಾಸನೆಗೆ ಬಂದವರೆಲ್ಲ ಮೂಗು ಮುಚ್ಚುತ್ತಿದ್ದರು. ನನಗೆ ಮೂಗಿಲ್ಲದಿದ್ದುದೇ ಪುಣ್ಯ.

ಕೆಲಸ ಮಾತ್ರ ಸಾಮಾನ್ಯದ್ದಲ್ಲ. ರೇಷ್ಮೆ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನನ್ನ ಕೆಳಗಿಡುತ್ತಿದ್ದರು. ಅದರಲ್ಲಿ ಅಕ್ಕಿಕಾಳಿನ ಆಕಾರದ ಹೊಳೆಯುವ ಕಣಗಳು ಕಂಡರೆ ಆ ತಾಯಿಗೆ ಮೊಟ್ಟೆಗೂ ಇಳಿಯುವ ಗಂಟುರೋಗವಿದೆ ಎಂದರ್ಥ. ಅದರ ಮೊಟ್ಟೆಗಳು ಬೆಂಕಿಗೆ ಹೋಗುತ್ತಿದ್ದವು. ಕಣಗಳಿಲ್ಲದ ತಾಯಿಯ ಮೊಟ್ಟೆಗಳು ರೈತರ ಮನೆಗೆ. ಹಣೆಬರಹ ಬರೆಯುವ ಬ್ರಹ್ಮನ ಕೆಲಸವೇ ನನ್ನ ಪಾಲಿಗೆ ಬಂದಿತ್ತು ಅನ್ನಿ.

ನಾನು ಮನುಷ್ಯರನ್ನು ಬಲ್ಲದ್ದು ಅವರ ಕಣ್ಣಿನಿಂದ. ಮೊದಲು ಸಿಕ್ಕಿದವರು ಅಂಕೇಗೌಡರು, ಬೀಡಿಯ ಹೊಗೆಗೆ ಸದಾ ಕೆಂಪಾಗಿರುವ ಕಣ್ಣು. ಚಿತ್ರ ಮಂಜಾದರೆ ಹಠ ಹಿಡಿದ ಎತ್ತಿಗೆ ಕೊಟ್ಟ ಹಾಗೆ ನನ್ನ ಬೆನ್ನಿಗೊಂದು ಕೊಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಜುಲೇಖಾ ಮೇಡಂ ಬಂದರು. ತೆಳ್ಳಗೆ ಸುರುಮಾ ಹಚ್ಚಿದ ಕಣ್ಣು. ಕೂರುವ ಮೊದಲು ಹಳೆಯ ಮೆತ್ತನೆಯ ಬಟ್ಟೆಯಿಂದ ನನ್ನ ಗಾಜು ಒರೆಸುತ್ತಿದ್ದರು. ಅವರೆಂದರೆ ನನಗೆ ಪ್ರಾಣ.

ಅಂಥವರ ಮೇಲೆಯೇ ಅಪವಾದ ಬಂತು. ನಮ್ಮ ಮೊಟ್ಟೆ ಒಯ್ದು ಹುಳ ಸಾಕುತ್ತಿದ್ದ ಮರಳೇಕೆರೆ ಎಂಬ ಊರಿನಲ್ಲಿ ಬೆಳೆಯ ಮೇಲೆ ಬೆಳೆ ಗಂಟುರೋಗಕ್ಕೆ ಸಿಕ್ಕಿ, ಹುಳಗಳನ್ನು ತಿಪ್ಪೆಗೆ ಸುರಿಯಬೇಕಾಯಿತು. ತಾಯಂದಿರ ರಸ ನೋಡಿಯೇ ನಾವಿಬ್ಬರೂ ಆ ಮೊಟ್ಟೆಗಳನ್ನು ಕಳಿಸಿದ್ದೆವು, ಒಂದು ಕಣವೂ ಇರಲಿಲ್ಲ. ಊರವರು ಮೇಡಮ್ಮನ ಕಣ್ಣು ಸರಿಯಿಲ್ಲ ಎಂದರು. ಮೇಲಿನಿಂದ ಬಂದ ಅಧಿಕಾರಿ ನನ್ನ ಕಣ್ಣೂ ಸರಿಯಿಲ್ಲ ಎಂದರು. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ. ರೋಗ ಎಲ್ಲಿಂದ ಬಂತೆಂದು ತೋರಿಸದಿದ್ದರೆ ಮೇಡಂ ಪರೀಕ್ಷೆಯ ಮೇಜು ಬಿಡಬೇಕು, ನಾನು ಗುಜರಿಗೆ ಹೋಗಬೇಕು ಎಂದಾಯಿತು.

ಜುಲೇಖಾ ಮೇಡಂ ಅಳಲಿಲ್ಲ. ನನ್ನನ್ನು ಊರಿಗೆ ಒಯ್ಯಲು ಅನುಮತಿ ಕೇಳಿದರು. ಹೇಗೂ ಗುಜರಿಗೆ ಹೋಗುವುದು, ಒಯ್ಯಿರಿ ಎಂದರು ಅಧಿಕಾರಿ. ಆ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ಮೇಡಂ ತೊಡೆಯ ಮೇಲೆ ಕೂತು ಬಸ್ಸಿನಲ್ಲಿ ಹೋಗುವಾಗ ಸಿಟ್ಟು ತಾನೇ ಇಳಿಯಿತು.

ಮರಳೇಕೆರೆಯಲ್ಲಿ ಹುಳ ಸಾಕುವುದರಲ್ಲಿ ಹೆಸರಾದವರು ಹೊಂಬಾಳಮ್ಮ. ಮೊದಲು ಹಾಳಾದದ್ದೂ ಅವರ ಬೆಳೆಯೇ. ಅವರ ಜಗಲಿಯ ಮೇಲೆ ನನ್ನನ್ನು ಕೂರಿಸಿ ಮೇಡಂ ಸೊಪ್ಪು ತೊಳೆದ ನೀರು, ನೆಲದ ಧೂಳು, ತಟ್ಟೆಯ ಕಸ ಎಲ್ಲವನ್ನೂ ನೋಡಿದರು. ನಾನು ಹುಟ್ಟಿದ ಮೇಲೆ ಚಿಟ್ಟೆಯ ರಸ ಬಿಟ್ಟು ಬೇರೆ ಏನನ್ನಾದರೂ ಕಂಡದ್ದು ಅದೇ ಮೊದಲು. ಏನೂ ಸಿಗಲಿಲ್ಲ. ಹೊಂಬಾಳಮ್ಮ ಎಲ್ಲವನ್ನೂ ಔಷಧಿ ಹಾಕಿ ತೊಳೆದಿದ್ದರು.

ಒಂದನ್ನು ಮಾತ್ರ ತೊಳೆದಿರಲಿಲ್ಲ. ಹುಳ ಸಾಕುವ ಕೋಣೆಯ ಗೋಡೆಗೆ ಒಂದು ಹಳೆಯ ಚಂದ್ರಿಕೆ ಒರಗಿತ್ತು. ಹಣ್ಣಾದ ಹುಳಗಳು ಗೂಡು ಕಟ್ಟುವ ಬಿದಿರಿನ ಚಾಪೆ ಅದು. ಅಂಚಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಒಮ್ಮೆ ಅದರಲ್ಲಿ ಊರೇ ಬೆರಗಾಗುವಂಥ ಗೂಡು ಬಂದಿತ್ತಂತೆ. ಅಂಥ ಚಂದ್ರಿಕೆಗೆ ನೀರು ಸೋಕಿಸಬಾರದು, ಅದೃಷ್ಟ ತೊಳೆದು ಹೋಗುತ್ತದೆ ಎಂಬುದು ಅಲ್ಲಿಯ ನಂಬಿಕೆ. ಯಾರ ಮನೆಯಲ್ಲಿ ಹುಳ ಹಣ್ಣಾದರೂ ಬಂದು ಅದನ್ನು ಕೇಳಿ ಒಯ್ಯುತ್ತಿದ್ದರು, ಹೊಂಬಾಳಮ್ಮ ಇಲ್ಲವೆನ್ನದೆ ಕೊಡುತ್ತಿದ್ದರು. ಮತ್ತೆ ಅದು ಬಂದು ಇದೇ ಗೋಡೆಗೆ ಒರಗುತ್ತಿತ್ತು, ಅದರ ಧೂಳು ಬೀಳುವಷ್ಟು ಹತ್ತಿರದಲ್ಲೇ ಮುಂದಿನ ಬೆಳೆಯ ಮರಿಹುಳಗಳು ಸೊಪ್ಪು ತಿನ್ನುತ್ತಿದ್ದವು.

ಮೇಡಂ ಒದ್ದೆ ಹತ್ತಿಯಿಂದ ಬಿದಿರಿನ ಸಂದಿಯ ಧೂಳು ಒರೆಸಿ, ಹಿಂಡಿ, ಒಂದು ಹನಿ ನನ್ನ ಕೆಳಗಿಟ್ಟರು. ಹನಿಯ ತುಂಬ ಹೊಳೆಯುವ ಕಣಗಳು.

ನಮ್ಮಿಬ್ಬರ ಮಾನ ಉಳಿಯಿತೆಂದು ನಾನು ಹಿಗ್ಗಿದೆ. ಮೇಡಂ ಮಾತ್ರ ಹಿಗ್ಗಲಿಲ್ಲ. ಅಂಗಳದಲ್ಲಿ ಊರವರು ಕಾದು ನಿಂತಿದ್ದರು. ಈಗ ಬಾಯಿ ಬಿಟ್ಟರೆ ತಮ್ಮ ಮೇಲಿನ ಅಪವಾದ ಎದ್ದು ಹೋಗಿ ಆ ಹೆಂಗಸಿನ ಹೆಗಲೇರುತ್ತದೆ ಎಂಬುದು ಮೇಡಮ್ಮಿಗೆ ಗೊತ್ತಿತ್ತು. ಹೊಂಬಾಳಮ್ಮನನ್ನು ಮಾತ್ರ ಹತ್ತಿರ ಕರೆದು ನೋಡಲು ಹೇಳಿದರು. ಸುಕ್ಕುಗಟ್ಟಿದ ರೆಪ್ಪೆಯ ಕಣ್ಣೊಂದು ನನ್ನ ಮೇಲೆ ಬಹಳ ಹೊತ್ತು ಇತ್ತು.

"ಅಂಗಾರೆ ಊರ್ಗೆಲ್ಲ ನಾನೇ ಹಂಚ್ಬುಟ್ಟೆ ಕನ್ರವ್ವ" ಎಂದರು ಮೆಲ್ಲಗೆ.

"ನಿಮಗೆ ಗೊತ್ತಿರ್ಲಿಲ್ಲವ್ವ. ನಮಗೂ ಗೊತ್ತಿರ್ಲಿಲ್ಲ. ಕೋಠೀಲಿ ಕೂತು ಬರೀ ಚಿಟ್ಟೆ ನೋಡ್ತಿದ್ವಿ" ಎಂದರು ಮೇಡಂ.

ಹೊಂಬಾಳಮ್ಮ ಸೆರಗು ಬಿಗಿದು ಚಂದ್ರಿಕೆಯನ್ನು ಎತ್ತಿಕೊಂಡು ಅಂಗಳಕ್ಕೆ ನಡೆದರು. ರೋಗ ತಮ್ಮ ಚಂದ್ರಿಕೆಯಲ್ಲೇ ಇತ್ತೆಂದು ಎಲ್ಲರೆದುರು ತಾವೇ ಹೇಳಿ, ಬ್ಲೀಚಿಂಗ್ ಪುಡಿ ಕಲಸಿದ ನೀರು ಸುರಿದು ಉಜ್ಜತೊಡಗಿದರು. ಅದೃಷ್ಟ ಹೋದೀತು ಎಂದು ಯಾರೋ ತಡೆಯಲು ಬಂದರು.

"ನೀರಿಗೆ ಓಗೋದು ಅದೆಂಥ ಅದ್ರುಷ್ಟನ್ಲಾ. ಓಗ್ಲಿ ಬುಡು" ಎಂದರು ಹೊಂಬಾಳಮ್ಮ.

ಬೈಯಲು ಬಂದವರು ಮನೆಗೆ ಹೋಗಿ ತಮ್ಮ ಚಂದ್ರಿಕೆಗಳನ್ನೂ ಹೊತ್ತು ತಂದರು. ಸಂಜೆಯ ಹೊತ್ತಿಗೆ ಬೀದಿಯ ಎರಡೂ ಬದಿಗೆ ತೊಳೆದ ಚಂದ್ರಿಕೆಗಳು ಒಣಗುತ್ತಿದ್ದವು.

ಆಮೇಲೆ ಜುಲೇಖಾ ಮೇಡಂ ಸುತ್ತಲ ಹಳ್ಳಿಗಳ ಧೂಳನ್ನೆಲ್ಲ ತಂದು ನನ್ನ ಕೆಳಗಿಟ್ಟರು. ಅವರು ಕಂಡದ್ದನ್ನು ಇಲಾಖೆ ಒಪ್ಪಿತು. ಚಿಟ್ಟೆಯ ಜೊತೆಗೆ ಮನೆಮನೆಯ ಚಂದ್ರಿಕೆಯನ್ನೂ ಪರೀಕ್ಷಿಸುವುದು ನಮ್ಮ ತಾಲ್ಲೂಕಿನಲ್ಲಿ ರೂಢಿಯಾಯಿತು. ನನ್ನನ್ನು ಗುಜರಿಗೆ ಹಾಕುವ ಮಾತನ್ನು ಅದೇ ಅಧಿಕಾರಿ ಮರೆತವರಂತೆ ನಟಿಸಿದರು. ನಾನೂ ದೊಡ್ಡ ಮನಸ್ಸು ಮಾಡಿದೆ.

ಈಗ ನನಗೆ ವಯಸ್ಸಾಗಿದೆ, ತಿರುಪು ಸಡಿಲವಾಗಿದೆ. ಮೇಜಿನ ಮೇಲೆ ಪರದೆಯಿರುವ ಹೊಸ ಯಂತ್ರ ಬಂದಿದೆ. ನಾನು ತರಬೇತಿ ಕೋಣೆಯ ಮೂಲೆಯಲ್ಲಿದ್ದೇನೆ, ಹೊಸದಾಗಿ ಸೇರಿದವರು ಕಲಿಯುವುದು ನನ್ನಲ್ಲಿ. ಕಲಿಸುವ ಜುಲೇಖಾ ಮೇಡಮ್ಮಿಗೆ ಈಗ ಕನ್ನಡಕ. ಮೊನ್ನೆ ಮರಳೇಕೆರೆಯವರು ಮೊಟ್ಟೆಗೆಂದೇ ಬೆಳೆದ ಬಿತ್ತನೆ ಗೂಡಿನಿಂದ ಹೊರಬಂದ ಚಿಟ್ಟೆಗಳ ಪರೀಕ್ಷೆ. ಹೊಸ ಹುಡುಗಿಯೊಬ್ಬಳು ಹನಿಯ ಮೇಲೆ ಹನಿ ನೋಡಿ ಬೇಸತ್ತು, ಏನೂ ಕಾಣುತ್ತಿಲ್ಲ ಎಂದು ದೂರಿದಳು.

ಮೇಡಂ ಕನ್ನಡಕ ತೆಗೆದು ತಾವೇ ಬಗ್ಗಿ ನೋಡಿದರು. ತಿಳಿನೀರಿನಂಥ ಹನಿ, ಒಂದು ಕಣವೂ ಇಲ್ಲ. ಅವರ ಕಣ್ಣು ನನ್ನ ಮೇಲೆ ಒದ್ದೆಯಾಯಿತು.

"ಇದನ್ನ ನೋಡೋಕೇ ಕಣಮ್ಮ ಇಷ್ಟು ವರ್ಷ ಕೂತಿದ್ದು" ಎಂದರು.